ಕೊಳದ ಬುದ್ಧಿಹಲ್ಲು

ಬುಧವಾರ ಬೆಳಿಗ್ಗೆ ಆರು ಹತ್ತಕ್ಕೆ ಫೋನು ಬಂತು. ಅವನು ಆಗ ತಾನೇ ಮುಖ ತೊಳೆದು ಪ್ರಾರ್ಥನೆಗೆ ಕೂತಿದ್ದ. ಪ್ರಾರ್ಥನೆಯ ನಡುವೆ ಫೋನು ಎತ್ತುವ ಪದ್ಧತಿ ಅವನದಲ್ಲ. ಮೂವತ್ತನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತನಾದ ಅವನಿಗೆ ದೇವರ ಹೊತ್ತು ದೇವರಿಗೆ, ಕಾಫಿಯ ಹೊತ್ತು ಕಾಫಿಗೆ. ಆದರೆ ಆರು ಹತ್ತಕ್ಕೆ ಯಾರೂ ಸುಮ್ಮನೆ ಫೋನು ಮಾಡುವುದಿಲ್ಲವೆಂದು ಎತ್ತಿದ. ಅಕ್ಕನ ದನಿ. "ನಿಮ್ಮ ಭಾವ ಹೋದ್ರು ಕಣೋ," ಎಂದಳು. ಆ ಕ್ಷಣ ಅವನಿಗೆ ಮೊಟ್ಟಮೊದಲು ಹೊಳೆದದ್ದು, ಇನ್ನು ಹೇಳಬೇಕಾಗಿಲ್ಲ ಎಂಬುದು. ದುಃಖ ಅದರ ಹಿಂದೆ, ತಡವಾಗಿ ಬಂದ ಎರಡನೆಯ ಬಸ್ಸಿನ ಹಾಗೆ, ಏದುತ್ತ ಬಂದು ನಿಂತಿತು. ಅಷ್ಟರಲ್ಲಿ ನಾಲಿಗೆ ತನ್ನ ಹಳೆಯ ಚಾಳಿಯಂತೆ ಎಷ್ಟು ಹೊತ್ತಿಗೆ ಎಂದು ಕೇಳಿಬಿಟ್ಟಿತ್ತು. ಕೇಳಿದ ಮೇಲೆ ನಾಚಿಕೆಯಾಯಿತು. ಅಕ್ಕ ಬೇಸರಪಡಲಿಲ್ಲ. "ನೀನು ಕೇಳ್ತೀಯ ಅಂತ ಗೊತ್ತಿತ್ತು. ಅದಕ್ಕೇ ಗಡಿಯಾರ ನೋಡ್ದೆ. ಐದು ಇಪ್ಪತ್ತು," ಎಂದಳು. ಅವನು ಫೋನು ಇಟ್ಟು ಬಿಟ್ಟುಬಂದ ಪ್ರಾರ್ಥನೆಗೆ ಮರಳಿ ಕೂತ. ಎಲ್ಲರಿಗೂ ಒಳ್ಳೆಯದಾಗಲಿ ಎಂಬಲ್ಲಿಯವರೆಗೆ ಸರಾಗವಾಗಿ ಬಂತು. ಮುಂದೆ ಭಾವನ ಹೆಸರು ಹಿಡಿದು ಶಾಂತಿ ಕೇಳಬೇಕು. ಅಲ್ಲಿ ಪ್ರಾರ್ಥನೆ ಕೆಟ್ಟು ನಿಂತಿತು. ಮೂರು ದಿನದ ಹಿಂದೆ ಯಾರಿಗೆ ಮೋಸ ಮಾಡಿದ್ದನೋ ಅವರ ಪರವಾಗಿ ದೇವರ ಹತ್ತಿರ ಯಾವ ಮುಖ ಇಟ್ಟುಕೊಂಡು ಅರ್ಜಿ ಹಾಕುವುದು? ಅರ್ಧಕ್ಕೇ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಭಾವ ನಡುಮನೆಯಲ್ಲಿ ಬಾಯಿ ಮುಚ್ಚಿಕೊಂಡು ಮಲಗಿದ್ದರು. ಊರಿನ ಅರ್ಧ ಜನರ ಬಾಯಿ ತೆರೆಸಿದ ಹಲ್ಲಿನ ಡಾಕ್ಟರು ಅವರು. ಹೀಗೆ ಸುಮ್ಮನಿದ್ದದ್ದನ್ನು ಅವನು ನೋಡಿಯೇ ಇರಲಿಲ್ಲ. ಹೊದಿಕೆಯ ಹೊರಗಿದ್ದ ಬಲಗೈ ಮೇಲೆ ಮುಳ್ಳು ಗೀರಿದ ಗೆರೆಗಳು ಇನ್ನೂ ಕೆಂಪಗಿದ್ದವು. ಅವು ಭಾನುವಾರದವು. ಭಾನುವಾರ ಎಂದರೆ ಕೊಳ. ಊರಾಚೆಯ ಕೊಳವನ್ನೂ ಅದರ ಸುತ್ತಿನ ಜೌಗನ್ನೂ ಸರಕಾರ ರಕ್ಷಿತ ಪ್ರದೇಶವೆಂದು ಸಾರಿ, ಬೇಲಿ ಹಾಕಿ, ಬೋರ್ಡು ನೆಟ್ಟು, ಕೈತೊಳೆದುಕೊಂಡಿತ್ತು. ಬೋರ್ಡಿನ ಹಿಂದಿನ ಕೆಲಸವೆಲ್ಲ ಸಂಬಳವಿಲ್ಲದ ಹನ್ನೆರಡು ಜನರದು. ಎಲ್ಲಿಂದಲೋ ಬಂದು ಹಬ್ಬಿದ ಮುಳ್ಳುಪೊದೆಯನ್ನು ಕೀಳಬೇಕು. ಜೊಂಡನ್ನು ಪಟ್ಟೆಪಟ್ಟೆಯಾಗಿ ಕೊಯ್ದು ಹಕ್ಕಿಗಳಿಗೆ ಬಯಲು ನೀರು ಬಿಡಿಸಿಕೊಡಬೇಕು. ದಂಡೆಯಲ್ಲಿ ಈ ನೆಲದ್ದೇ ಆದ ಗಿಡಗಳನ್ನು ಕಾಯಬೇಕು. ದವಾಖಾನೆ ಮುಚ್ಚಿದ ಮೇಲೆ ಭಾವ ಅದನ್ನೇ ತಮ್ಮ ಎರಡನೆಯ ದವಾಖಾನೆ ಮಾಡಿಕೊಂಡಿದ್ದರು. ಅವರ ಪಾಲಿಗೆ ಮುಳ್ಳುಪೊದೆಗಳೆಲ್ಲ ಹುಳುಕು ಹಲ್ಲುಗಳು. ಬೇರು ಸಮೇತ ಬರಬೇಕು, ಅರ್ಧಕ್ಕೆ ಮುರಿದರೆ ಮುಂದಿನ ಮಳೆಗೆ ಮತ್ತೆ ನೋವು ಎನ್ನುತ್ತಿದ್ದರು. ತಮ್ಮ ಹಳೆಯ ಬಿಳಿ ಕೋಟುಗಳನ್ನು ಹರಿದು ಪಟ್ಟಿ ಮಾಡಿ, ಉಳಿಸಬೇಕಾದ ಗಿಡಗಳಿಗೆಲ್ಲ ಕಟ್ಟಿದ್ದರು. ಅದೂ ಸುಮ್ಮನೆ ಗಂಟಲ್ಲ, ಒಸಡಿಗೆ ಹೊಲಿಗೆ ಹಾಕಿದ ಮೇಲೆ ಹಾಕುವಂಥ ಪುಟ್ಟ ಬಿಗಿ ಗಂಟು. ಬಿಳಿ ಪಟ್ಟಿ ಕಂಡರೆ ಮಚ್ಚು ಕೆಳಗಿಡಬೇಕು. ಕೊಳದಲ್ಲಿ ಇದ್ದದ್ದು ಅದೊಂದೇ ಕಾನೂನು.

ಆ ಭಾನುವಾರ ಅವನ ಪಾಲಿಗೆ ಬಂದದ್ದು ಮೂರನೆಯ ಸಾಲು. ಒಂಬತ್ತಕ್ಕೆ ಕೆಲಸ ಮುಗಿಯಬೇಕು. ಎಂಟೂವರೆಯ ಹೊತ್ತಿಗೆ ಹನ್ನೆರಡರಲ್ಲಿ ಒಬ್ಬನಾದ ಊರಿನ ಪ್ಲಂಬರ್ ತನ್ನ ಸಾಲು ಮುಗಿಸಿ ಬೀಡಿಗೆ ಕೂತಿದ್ದ. ಅದನ್ನು ಕಂಡು ಇವನಿಗೆ ಅವಸರವಾಯಿತು. ತಡವಾದ ಬಸ್ಸನ್ನು ಸೀಟಿ ಊದಿ ಓಡಿಸಿದವನಿಗೆ ತಾನೇ ತಡವಾಗುವುದೆಂದರೆ ಮೈಮೇಲೆ ಇರುವೆ ಹರಿದಂತೆ. ಹಾರೆ ಹಾಕಿ ಸುತ್ತ ಸಡಿಲಿಸುವುದನ್ನು ಬಿಟ್ಟು ಪೊದೆಗಳನ್ನು ಹಿಡಿದು ಎಳೆಯತೊಡಗಿದ. ಅವು ಪಟ್ಟನೆ ಮುರಿದು ಕೈಗೆ ಬಂದವು. ರಾಶಿ ಬೇಗ ಬೆಳೆಯಿತು. ಭಾವ ಬಂದರು, ರಾಶಿಯಿಂದ ಒಂದನ್ನು ಎತ್ತಿ ಕನ್ನಡಕ ಹಣೆಗೇರಿಸಿ ನೋಡಿದರು, ಎಲ್ಲರನ್ನೂ ಕರೆದರು. ಮುರಿದ ತುದಿಯನ್ನು ಮೇಲಕ್ಕೆತ್ತಿ, ಒಬ್ಬೊಬ್ಬರಿಗೂ ಕಾಣುವಂತೆ ನಿಧಾನ ತಿರುಗಿಸಿದರು. "ನೋಡ್ರಪ್ಪಾ, ನಮ್ಮ ಭಾವಮೈದುನರ ಕೈಚಳಕ. ಮೇಲೆ ಎಲ್ಲಾ ಸ್ವಚ್ಛ, ಬೇರು ಒಳಗೇ. ಇವರ ಹತ್ರ ಹಲ್ಲು ಕೀಳಿಸ್ಕೊಂಡೋರು ಮನೆಗೆ ಹೋಗಿ ಮತ್ತೆ ಕೆನ್ನೆ ಹಿಡ್ಕೋಬೇಕು," ಎಂದರು. ಎಲ್ಲರೂ ನಕ್ಕರು. ಕೊಳದ ಹಕ್ಕಿಗಳ ಲೆಕ್ಕ ಇಡುವ ನಿವೃತ್ತ ಉಪನ್ಯಾಸಕಿ, ಎಲ್ಲರ ಬಾಯಲ್ಲಿ ಹಕ್ಕಿ ಮೇಡಂ, ದುರ್ಬೀನು ಕೆಳಗಿಳಿಸಿ ನಕ್ಕರು. ಅವನೂ ನಕ್ಕ. ಅರವತ್ತೆಂಟನೆಯ ವಯಸ್ಸಿನಲ್ಲಿ ಹತ್ತು ಜನರ ಮುಂದೆ ತನ್ನನ್ನೇ ನೋಡಿ ನಗುವುದು ಎಷ್ಟು ಕಷ್ಟದ ಕೆಲಸವೆಂದು ಕೆನ್ನೆಗಳಿಗೆ ಗೊತ್ತಾಯಿತು. ಮದುವೆಯ ದಿನದಿಂದಲೂ ಹೀಗೇ. ಅಕ್ಕನ ಮದುವೆಯಲ್ಲಿ ಹದಿನಾರು ವರ್ಷದ ಅವನ ಬಾಯಿ ತೆರೆಸಿ, ಬಂದವರ ಮುಂದೆಲ್ಲ ಮೂರು ಹುಳುಕು ಎಣಿಸಿದ ಮನುಷ್ಯ. ಅವನು ಮಚ್ಚು ಹಿಡಿದು ಜೌಗಿನ ಆಚೆ ಬದಿಗೆ ಹೋದ. ಅಲ್ಲಿ ಸಿಕ್ಕಿದ್ದನ್ನೆಲ್ಲ ಕಡಿದ. ಕಡಿಯುತ್ತ ಕಡಿಯುತ್ತ ಮೈ ಹಗುರವಾಯಿತು. ಆಮೇಲೆ ತಿರುಗಿ ನೋಡಿದರೆ ಕಡಿದುಬಿದ್ದ ಮುಳ್ಳಿನ ನಡುವೆ, ಎದೆಮಟ್ಟದ, ಮುಳ್ಳಿಲ್ಲದ, ಹೊಳೆಯುವ ಎಲೆಯ ಒಂದು ಗಿಡ ಅಡ್ಡಲಾಗಿ ಮಲಗಿತ್ತು. ಅದರ ಸೊಂಟದಲ್ಲಿ ಬಿಳಿ ಪಟ್ಟಿ ಇತ್ತು.

ಅದು ಬುದ್ಧಿಹಲ್ಲು. ಒಂದು ಕಾಲಕ್ಕೆ ಕೊಳದ ಸುತ್ತ ಸಾಲಾಗಿದ್ದು ಈಗ ಹುಡುಕಿದರೂ ಸಿಗದ ಯಾವುದೋ ಮರದ ಜಾತಿ. ಅದರ ಶಾಸ್ತ್ರದ ಹೆಸರು ಹಕ್ಕಿ ಮೇಡಂ ನಾಲಿಗೆಗೆ ಮಾತ್ರ ಹೊರಳುತ್ತಿತ್ತು. ಭಾವ ಬೀಜ ತಂದು ಹಾಕಿದ್ದರು. ಅದು ಮೂರು ವರ್ಷ ಮಣ್ಣಿನಲ್ಲಿ ಸುಮ್ಮನಿದ್ದು, ಇನ್ನು ಬರುವುದಿಲ್ಲವೆಂದು ಎಲ್ಲರೂ ಕೈಬಿಟ್ಟ ಮೇಲೆ ಮೊಳೆತದ್ದರಿಂದ ಬುದ್ಧಿಹಲ್ಲು ಎಂದು ಹೆಸರಿಟ್ಟಿದ್ದರು. ಮೊಳೆತು ಆರು ವರ್ಷವಾಗಿತ್ತು. ಪ್ರತಿ ಸಂಜೆ ವಾಯುವಿಹಾರದ ನೆಪದಲ್ಲಿ ಹೋಗಿ ನೋಡಿ ಬರುತ್ತಿದ್ದರು. ಮಕ್ಕಳಿಲ್ಲದ ಮನೆ; ಗಿಡದ ಮೇಲಿನ ಈ ಅಕ್ಕರೆಯನ್ನು ಅಕ್ಕ ತಮಾಷೆ ಮಾಡುತ್ತಿದ್ದಳು, ಹೆಚ್ಚು ಮಾಡುತ್ತಿರಲಿಲ್ಲ. ಈಗ ಅದು ಕತ್ತರಿಸಿ ಬಿದ್ದಿತ್ತು. ಅವನು ಸುತ್ತ ನೋಡಿದ. ಒಂದು ನೀರುಕೋಳಿಯ ಹೊರತು ಸಾಕ್ಷಿ ಇರಲಿಲ್ಲ. ಗೊತ್ತಿಲ್ಲದೆ ಆದದ್ದೇ? ಮುಳ್ಳಿನ ಮರೆಯಲ್ಲಿ ಪಟ್ಟಿ ಕಂಡಿರಲಿಲ್ಲ ಎಂದು ಆಗಲೇ ಮನಸ್ಸು ಹೇಳಿಕೆ ಬರೆಯತೊಡಗಿತ್ತು. ಆದರೆ ಮಚ್ಚು ಎತ್ತಿದ ಕೈಗೂ ಇಳಿಸಿದ ಕೈಗೂ ನಡುವೆ ಒಂದು ಬಿಳಿ ಗೆರೆ ಮಿಂಚಿದ್ದು, ಆ ಕೈ ಒಂದು ಕೂದಲಿನಷ್ಟು ತಡೆದು ಆಮೇಲೆ ಇಳಿದದ್ದು ಅವನಿಗೆ ಗೊತ್ತಿತ್ತು. ಒಂದು ಸೆಕೆಂಡಿನ ಲೆಕ್ಕವನ್ನು ಅವನಷ್ಟು ಬಲ್ಲವರು ಆ ಊರಲ್ಲಿ ಯಾರಿದ್ದರು? ಅವನು ಬುಡದ ಕೊರಡಿನ ಮೇಲೆ ಹುಲ್ಲು ಮುಚ್ಚಿದ. ಗೇಣು ದೂರದಲ್ಲಿ ಮೆತ್ತಗಿನ ಮಣ್ಣಿನಲ್ಲಿ ಕಡಿದ ತುದಿಯನ್ನು ಚೂಪು ಮಾಡಿ ಚುಚ್ಚಿದ. ಆಸರೆಗೆ ಒಂದು ಕೋಲು ನೆಟ್ಟು ಕಟ್ಟಿದ. ಎಲೆಯ ಧೂಳು ಒರೆಸಿದ. ದೂರದಿಂದ ನೋಡಿದರೆ ಗಿಡ ಮೊದಲಿಗಿಂತ ನೆಟ್ಟಗೆ ನಿಂತ ಹಾಗಿತ್ತು. ಮುಂದಿನ ಭಾನುವಾರ ಹೇಳಿಬಿಡುತ್ತೇನೆ ಎಂದುಕೊಂಡ. ಭಾವನ ಎದುರು ಎಂಟು ಐವತ್ತೆಂಟಕ್ಕೆ ಹಾಜರಾಗಿ ತನ್ನ ಸಾಲು ಮುಗಿಯಿತು ಎಂದ.

ಬುಧವಾರವೇ ಅಂತ್ಯಕ್ರಿಯೆ ಮುಗಿಯಿತು. ಸಂಜೆ ಹಕ್ಕಿ ಮೇಡಂ ಮತ್ತು ಪ್ಲಂಬರ್ ಮನೆಗೆ ಬಂದು ಅಕ್ಕನ ಎದುರು ಕುರ್ಚಿಯ ತುದಿಯಲ್ಲಿ ಕೂತರು. ಭಾಷಣ, ಹಾರ ಇವೆಲ್ಲ ಡಾಕ್ಟರಿಗೆ ಆಗದು, ಅದಕ್ಕೇ ಭಾನುವಾರ ಎಲ್ಲರೂ ಬುದ್ಧಿಹಲ್ಲಿನ ಸುತ್ತ ಸೇರೋಣ, ಅಮ್ಮಾವರ ಕೈಯಲ್ಲಿ ಅದಕ್ಕೆ ನೀರು ಹಾಕಿಸೋಣ, ಇನ್ನು ಮುಂದೆ ಅದೇ ಡಾಕ್ಟರು ಎಂದು ತಿಳಿದುಕೊಳ್ಳೋಣ ಎಂದು ಮೇಡಂ ಹೇಳಿದರು. ಅಕ್ಕ ತಲೆಯಾಡಿಸಿದಳು. ಆಮೇಲೆ, ಏಕೋ, ತಮ್ಮನ ಕಡೆ ತಿರುಗಿ ನೋಡಿದಳು. ತುಸು ಹೆಚ್ಚೇ ಹೊತ್ತು ನೋಡಿದಳು ಎಂದು ಅವನಿಗೆ ಅನಿಸಿತು. "ಅಲ್ಲೀವರೆಗೂ ಗಿಡದ ಜವಾಬ್ದಾರಿ ಇವನದು. ಇವನಿಗಿಂತ ಅದರ ಹತ್ರದೋರು ಯಾರಿದಾರೆ," ಎಂದಳು. ಅವನು ನೀರು ಕುಡಿಯುತ್ತಿದ್ದ ಲೋಟವನ್ನು ಕೆಳಗಿಟ್ಟ. ಅದು ಮೇಜಿನ ಅಂಚಿನಲ್ಲಿ ನಿಂತು ಬಿದ್ದಿತು.

ಗುರುವಾರ ಬೆಳಿಗ್ಗೆ ಎಲೆಗಳು ಕಿವಿ ಇಳಿಬಿಟ್ಟಿದ್ದವು. ಅವನು ಎರಡು ಕೊಡ ನೀರು ಹೊತ್ತು ಹಾಕಿದ. ಬೇರಿಲ್ಲದ ಗಿಡಕ್ಕೆ ನೀರು ಹಾಕುವುದೆಂದರೆ ಹೊರಟುಹೋದ ಬಸ್ಸಿಗೆ ಸೀಟಿ ಊದಿದ ಹಾಗೆ, ಆದರೂ ಹಾಕಿದ. ಶುಕ್ರವಾರ ಮತ್ತೆ ಎರಡು ಕೊಡ ಹಾಕಿ ಕಾಂಡಕ್ಕೆ ಒದ್ದೆ ಬಟ್ಟೆ ಸುತ್ತಿದ, ತನ್ನ ಕೊಡೆಯನ್ನು ಕೋಲಿಗೆ ಕಟ್ಟಿ ನೆರಳು ಮಾಡಿದ. ಕೊಡೆಯಿಲ್ಲದೆ ಮನೆಗೆ ಬರುವಾಗ ಬಿಸಿಲು ನೆತ್ತಿ ಸುಟ್ಟಿತು. ಇದು ಪ್ರಾಯಶ್ಚಿತ್ತದ ಲೆಕ್ಕಕ್ಕೆ ಬಂದೀತೇ ಎಂದು ಆಸೆಪಟ್ಟು, ಆಸೆಪಟ್ಟದ್ದಕ್ಕೆ ತನ್ನನ್ನೇ ಬೈದುಕೊಂಡ. ಬೆಳಗಿನ ಪ್ರಾರ್ಥನೆ ದಿನವೂ ಅದೇ ಜಾಗದಲ್ಲಿ ಕೆಟ್ಟು ನಿಲ್ಲುತ್ತಿತ್ತು. ಅಕ್ಕನಿಗೆ ಹೇಳಲು ಎರಡು ಸಲ ಹೋದ. ಒಂದು ಸಲ ಅವಳು ಭಾವನ ಕನ್ನಡಕ ಒರೆಸುತ್ತಿದ್ದಳು. ಒರೆಸಿ ಗೂಡಿನೊಳಗೆ ಇಟ್ಟು, ಮತ್ತೆ ತೆಗೆದು ಒರೆಸಿದಳು. ಅವನು ಅಡುಗೆಮನೆಯ ನಲ್ಲಿ ಸೋರುತ್ತಿದೆಯೇ ಎಂದು ಕೇಳಿ ವಾಪಸು ಬಂದ. ಇನ್ನೊಂದು ಸಲ ಅವಳೇ ಬಾಗಿಲಲ್ಲಿ ನಿಂತು, ಏನಾದರೂ ಹೇಳುವುದಿತ್ತೇ ಎಂದು ಕೇಳಿದಳು. ಏನಿಲ್ಲ ಎಂದ. ಅವಳು ಯಾಕೋ ನಿಟ್ಟುಸಿರು ಬಿಟ್ಟಳು. ಇವನೊಬ್ಬನೇ ಉಳಿದಿದ್ದಾನೆ ತನಗೆ ಎಂದು ಬಂದವರ ಮುಂದೆಲ್ಲ ಅವಳು ಹೇಳಿಕೊಳ್ಳುತ್ತಿದ್ದಳು. ಗಂಡ ಹೋದ ವಾರದಲ್ಲೇ ಆ ಗಿಡವನ್ನು ಕಡಿದವನು ಇವನೇ ಎಂದು ತಿಳಿದರೆ ಆ ಒಬ್ಬನೂ ಉಳಿಯುವುದಿಲ್ಲ. ಹೇಳದೆ ಇದ್ದರೆ, ಇದ್ದಷ್ಟು ದಿನವೂ ಅವಳ ಎದುರಿನ ಕುರ್ಚಿಯಲ್ಲಿ ಕೂರುವುದು ಬೇರೆ ಯಾರೋ.

ಶನಿವಾರ ಮಂಡಿಯೂರಿ ಕೂತು, ಉದುರಲು ಹೊರಟಿದ್ದ ಎಲೆಗಳನ್ನು ಕಪ್ಪು ದಾರದಿಂದ ಕಡ್ಡಿಗೆ ಕಟ್ಟುತ್ತಿದ್ದ. ಹನ್ನೊಂದು ಎಲೆ ಕಟ್ಟಿದ್ದ. ಹಿಂದೆ ಯಾರೋ ಮೂಗು ಸೆಳೆದ ಸದ್ದಾಯಿತು. ಪ್ಲಂಬರ್, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮಂಡಿಯೂರಿದ ಬೆನ್ನು, ಮುಂದೆ ಕೊಡೆ, ಒದ್ದೆ ಬಟ್ಟೆ; ಅವನಿಗೆ ಕಂಡದ್ದು ಅಷ್ಟು. "ನಾವು ನಿಮ್ಮನ್ನ ಬರೀ ಗಡಿಯಾರ ಅಂದ್ಕೊಂಡಿದ್ವಿ ಸಾರ್. ಒಳಗೆ ಇಷ್ಟು ಇದೆ ಅಂತ ಗೊತ್ತಿರ್ಲಿಲ್ಲ," ಎಂದ. ಏಳಬೇಡಿ ಎಂದು ಭುಜ ಒತ್ತಿ, ತಾನೂ ಪಕ್ಕದಲ್ಲಿ ಕೆಸರಿನಲ್ಲೇ ಮಂಡಿಯೂರಿದ. ಇವನು ಅಂಗೈಯಲ್ಲಿದ್ದ ದಾರದ ಉಂಡೆಯನ್ನು ಮುಚ್ಚಿಕೊಂಡ. ಇಬ್ಬರೂ ಹಾಗೇ ಇದ್ದರು. ಏಳಲು ಹೊರಟರೆ ಪ್ಲಂಬರ್ ಇನ್ನೊಂದು ನಿಟ್ಟುಸಿರು ಬಿಡುತ್ತಿದ್ದ. ಹದಿನೇಳು ನಿಮಿಷ. ಊರಿಗೆ ಮರಳುವಷ್ಟರಲ್ಲಿ ಸುದ್ದಿ ಮುಂದೆ ಹೋಗಿತ್ತು. ಬೇಕರಿಯವನು ಎದ್ದು ನಿಂತು ಕೈಮುಗಿದ.

ಭಾನುವಾರ ಎಂಟು ಗಂಟೆಗೆ ಹನ್ನೊಂದು ಜನ, ಹನ್ನೆರಡನೆಯವರ ಜಾಗದಲ್ಲಿ ಅಕ್ಕ, ಗಿಡದ ಸುತ್ತ ನಿಂತರು. ಗಿಡದ ಸ್ಥಿತಿ ನೋಡಿದರೆ ಅಳು ಬರುವಂತಿತ್ತು, ಕೆಲವರಿಗೆ ಬಂದೇ ಬಂತು. ಎಲೆಗಳೆಲ್ಲ ಕಂದಿ, ಮುದುಡಿ, ಕಪ್ಪು ದಾರದಲ್ಲಿ ನೇತಾಡುತ್ತಿದ್ದವು. ಹಕ್ಕಿ ಮೇಡಂ ಮಾತಾಡಿದರು. ತಾವು ಮೂವತ್ತು ವರ್ಷ ವಿಜ್ಞಾನ ಓದಿಸಿದವರು, ಇಂಥದನ್ನೆಲ್ಲ ನಂಬಿದವರಲ್ಲ, ಆದರೆ ಇದನ್ನು ಕಣ್ಣಾರೆ ನೋಡಿದ ಮೇಲೆ ಏನು ಹೇಳುವುದು, ಡಾಕ್ಟರು ಹೋದದ್ದು ಈ ಗಿಡಕ್ಕೆ ಗೊತ್ತಾಗಿದೆ ಎಂದರು. ಹೂಂ, ಗೊತ್ತಾಗಿದೆ ಎಂದು ಸುತ್ತಲೂ ತಲೆಗಳು ಆಡಿದವು. ಕಪ್ಪು ದಾರ ಯಾರು ಕಟ್ಟಿದ್ದು ಎಂದು ಯಾರೋ ಪಿಸುಗುಟ್ಟಿದರೆ, ದುಃಖದ ಗುರುತಿರಬೇಕು, ಟೈಮ್‌ಕೀಪರ್ ಕಟ್ಟಿದ್ದು ಎಂದು ಪ್ಲಂಬರ್ ಉತ್ತರ ಕೊಟ್ಟ. ಅವನ ಕಡೆ ಹತ್ತು ಮುಖಗಳು ಗೌರವದಿಂದ ತಿರುಗಿದವು. ಹೋದ ಭಾನುವಾರ ನಕ್ಕ ಮುಖಗಳೇ. ಅವನಿಗೆ ಆ ನಗುವೇ ಎಷ್ಟೋ ವಾಸಿಯಿತ್ತು ಅನಿಸಿತು. ಅಕ್ಕ ನೀರಿನ ತಂಬಿಗೆ ಎತ್ತಿದಳು. ಅವಳ ಮಣಿಕಟ್ಟು ಸಣ್ಣಗಾಗಿತ್ತು. ಬಳೆ ಮೊಣಕೈಯವರೆಗೆ ಜಾರಿತು. ಆ ನೀರು ಬೀಳುವ ಮೊದಲು, ಒಂದು ಸೆಕೆಂಡು ಇತ್ತು. ಮಚ್ಚಿನ ಕೈ ಎತ್ತಿದ್ದಾಗ ಇದ್ದದ್ದೂ ಅಷ್ಟೇ.

"ಅಕ್ಕ, ನೀರು ಹಾಕಬೇಡ," ಎಂದ. ದನಿ ಬಸ್ ನಿಲ್ದಾಣದ್ದಾಗಿ ಹೊರಟಿತು. ಜೊಂಡಿನಿಂದ ಎರಡು ಕೊಕ್ಕರೆ ಎದ್ದವು. ಮುಂದೆ ಬಂದು, ಕೋಲಿನ ಕಟ್ಟು ಬಿಚ್ಚಿ, ಗಿಡವನ್ನು ಹಿಡಿದು ಎತ್ತಿದ. ಅದು ಏನೂ ತಕರಾರಿಲ್ಲದೆ ಬಂತು. ಪೆನ್ಸಿಲಿನಂತೆ ಚೂಪಾಗಿದ್ದ ತುದಿಯನ್ನು ಮೇಲಕ್ಕೆತ್ತಿ, ಒಬ್ಬೊಬ್ಬರಿಗೂ ಕಾಣುವಂತೆ ನಿಧಾನ ತಿರುಗಿಸಿದ. ಭಾವನೂ ಹಾಗೇ ತಿರುಗಿಸಿದ್ದರೆಂದು ತಿರುಗಿಸುವಾಗ ನೆನಪಾಯಿತು. "ಇದಕ್ಕೆ ಬೇರಿಲ್ಲ. ಹೋದ ಭಾನುವಾರ ನಾನೇ ಕಡಿದೆ, ಕಡಿದು ಚುಚ್ಚಿಟ್ಟೆ. ಪಟ್ಟಿ ಕಾಣಲಿಲ್ಲ ಅಂತ ಹೇಳೋಣ ಅಂತಿದ್ದೆ. ಕಂಡಿತ್ತು ಅಕ್ಕ. ಕಂಡೇ ಕಡಿದೆ."

ಹಕ್ಕಿ ಮೇಡಂ, ವಿಜ್ಞಾನಕ್ಕೆ ಮರಳುವ ದಾರಿ ಹುಡುಕುವವರಂತೆ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಪ್ಲಂಬರ್ ತನ್ನ ಪ್ಯಾಂಟಿನ ಮಂಡಿಯ ಮೇಲಿದ್ದ ನಿನ್ನೆಯ ಕೆಸರಿನ ಕಲೆ ನೋಡಿಕೊಂಡ. ಅಕ್ಕ ತಂಬಿಗೆ ಕೆಳಗಿಟ್ಟಳು. "ಈಗ ಗಂಟೆ ಎಷ್ಟೋ?" ಎಂದು ಕೇಳಿದಳು. ಅವನು ಗಡಿಯಾರ ನೋಡಿ ಎಂಟು ಇಪ್ಪತ್ತೆರಡು ಎಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದವನಿಗೆ ಅದು ಅಳು ಮಾತ್ರವಲ್ಲ ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು.

"ಅವರೇ ಗೆದ್ರು ಕಣೋ," ಎಂದಳು. ಸೋಮವಾರ ಸಂಜೆ ಭಾವ ಎಂದಿನಂತೆ ಕೊಳಕ್ಕೆ ಹೋಗಿ ಬಂದು, ಚಪ್ಪಲಿ ಕಳಚುವ ಮೊದಲೇ ಬಾಗಿಲಲ್ಲಿ ಕೂತು ನಗಲು ಶುರುಮಾಡಿದ್ದರಂತೆ. ಮೊದಲು ಮುಖ ಕೆಂಪಗಿತ್ತು, ಬೈಯುವುದಕ್ಕೇ ಬಂದವರು, ಆದರೆ ಬೈಗುಳ ಬಾಯಿಗೆ ಬರುವಷ್ಟರಲ್ಲಿ ನಗು ಬಂದುಬಿಟ್ಟಿತು. "'ಆಚೆ ಬದಿಗೆ ಹೋಗಿದ್ದ ನಿನ್ನ ತಮ್ಮ ಕೊಳಕ್ಕೆ ಕಟ್ಟಿಸಿದ ಹಲ್ಲು ಕೂರಿಸಿದಾನೆ ಕಣೇ. ನಲವತ್ತು ವರ್ಷ ಮಾಡಿದೀನಿ, ನನಗೂ ಅಷ್ಟು ನೆಟ್ಟಗೆ ಬರ್ತಿರ್ಲಿಲ್ಲ' ಅಂದ್ರು. ಈಗಲೇ ಕರೆದು ಕೇಳಿ ಅಂದೆ. ಬೇಡ, ಭಾನುವಾರ ಕೆಲಸ ಮುಗಿಯೋ ಒಂಬತ್ತರೊಳಗೆ ಅವನೇ ಬಂದು ಹೇಳ್ತಾನೆ ಅಂದ್ರು. ಅವನು ಇಂಜೆಕ್ಷನ್ ಕೊಡದೆ ಬಾಯಿ ತೆರೆಯೋನಲ್ಲ ಅಂದೆ. ಪಂದ್ಯ ಕಟ್ಟಿದ್ರು. ಸೋತವರು ಒಂದು ತಿಂಗಳು ಪಾತ್ರೆ ತೊಳೀಬೇಕು. ಅಲ್ಲೀವರೆಗೂ ನೀನು ಬಾಯಿಬಿಡಬಾರದು ಅಂತ ನನ್ನ ಹತ್ರ ಮಾತು ತಗೊಂಡ್ರು." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಅವರು ನನ್ನ ಹತ್ರ ತಗೊಂಡ ಕೊನೇ ಮಾತು ಅದು. ಹೇಗೋ ಮುರೀಲಿ? ಗಿಡದ ಜವಾಬ್ದಾರಿ ನಿನಗೇ ಕೊಟ್ಟೆ, ಬಾಗಿಲಲ್ಲಿ ನಿಂತು ನಾನೇ ಕೇಳ್ದೆ. ನೀನು ನಲ್ಲಿ ಸೋರುತ್ತಾ ಅಂದೆ, ಏನಿಲ್ಲ ಅಂದ್ಕೊಂಡು ಹೋದೆ." ಅವನಿಗೆ ಮೊದಲು ಬಂದದ್ದು ಸಿಟ್ಟು. ಮೂರು ದಿನ, ಆರು ಕೊಡ ನೀರು, ಹನ್ನೊಂದು ಎಲೆ. ಸತ್ತ ಮೇಲೂ ಹತ್ತು ಜನರ ಮುಂದೆ ತನ್ನ ಬಾಯಿ ತೆರೆಸಿ ಹುಳುಕು ಎಣಿಸಿದ ಮನುಷ್ಯ. ಆ ಸಿಟ್ಟು ಎಷ್ಟು ಹಳೆಯದು, ಎಷ್ಟು ಬೆಚ್ಚಗಿನದು ಎಂದರೆ, ಭಾವ ಪಕ್ಕದಲ್ಲೇ ಕನ್ನಡಕ ಹಣೆಗೇರಿಸಿ ನಿಂತಿದ್ದಾರೆ ಎಂಬಂತಾಗಿ, ಬುಧವಾರದಿಂದ ಮೊದಲ ಬಾರಿಗೆ ಅವನಿಗೆ ಸರಿಯಾಗಿ ಅಳು ಬಂತು.

ಅಕ್ಕ ಬಗ್ಗಿ, ಗೇಣು ದೂರದಲ್ಲಿದ್ದ ಒಣ ಹುಲ್ಲನ್ನು ಸರಿಸಿದಳು. ಕೊರಡು ಇತ್ತು, ಹೆಬ್ಬೆರಳು ದಪ್ಪದ್ದು. ಅವನು ಓರೆಯಾಗಿ ಕಡಿದದ್ದನ್ನು ಯಾರೋ ಮಟ್ಟಸವಾಗಿ ಕೊಯ್ದು, ಮಣ್ಣು ಮೆತ್ತಿ, ಬುಡಕ್ಕೆ ಹೊಸ ಬಿಳಿ ಪಟ್ಟಿ ಕಟ್ಟಿದ್ದರು. ಪುಟ್ಟ ಬಿಗಿ ಗಂಟು. ಚಿಗುರು ಇರಲಿಲ್ಲ. ಹಕ್ಕಿ ಮೇಡಂ ಮಂಡಿಯೂರಿ ಹತ್ತಿರದಿಂದ ನೋಡಿ, ಬಂದರೂ ಬಂದೀತು, ಹೇಳಲಾಗದು, ಮೊದಲೇ ಇದು ನಿಧಾನದ ಜಾತಿ ಎಂದರು. "ಅವರೂ ಅದನ್ನೇ ಅಂದ್ರು. ಅವನು ಜನ್ಮದಲ್ಲಿ ಒಂದು ಬೇರು ಸರಿಯಾಗಿ ಕಿತ್ತೋನಲ್ಲ, ಸದ್ಯ, ಅದೇ ನಮ್ಮ ಪುಣ್ಯ ಅಂತ," ಎಂದಳು ಅಕ್ಕ. ಪ್ಲಂಬರ್ ಮೊದಲು ನಕ್ಕ, ತಡೆಯಲಾರದೆ; ಆಮೇಲೆ ಎಲ್ಲರೂ. ಅವನೂ ನಕ್ಕ, ಈ ಸಲ ಕೆನ್ನೆಗಳಿಗೆ ಕಷ್ಟವಾಗಲಿಲ್ಲ. ಅಕ್ಕ ತಂಬಿಗೆಯ ನೀರನ್ನು ಕೊರಡಿನ ಸುತ್ತ ಹಾಕಿದಳು. ಪಂದ್ಯ ಸೋತದ್ದರಿಂದ ಒಂದು ತಿಂಗಳು ಪಾತ್ರೆ ತನ್ನದೇ, ತೊಳೆಯುವುದಕ್ಕೆ ಇರುವುದು ಒಂದು ತಟ್ಟೆ ಎಂದು ನೀರಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. ಎರಡು ಎಂದ ಅವನು. ಸಂಜೆ ಏಳೂವರೆಗೆ ಊಟಕ್ಕೆ ಬರುತ್ತೇನೆ ಎಂದ.

ಎಲ್ಲರೂ ಮಚ್ಚು, ಹಾರೆ ಎತ್ತಿಕೊಂಡು ತಮ್ಮ ತಮ್ಮ ಸಾಲಿಗೆ ಹೋದರು. ಅವನು ಹಾರೆ ಹಿಡಿದು ಮೂರನೆಯ ಸಾಲಿಗೆ ಹೋಗಿ, ಹೋದ ವಾರ ತಾನು ಒಳಗೇ ಬಿಟ್ಟಿದ್ದ ಮೊದಲ ಬೇರಿನ ಸುತ್ತ ಮಣ್ಣು ಸಡಿಲಿಸತೊಡಗಿದ. ಗಡಿಯಾರ ನೋಡಲಿಲ್ಲ. ಮಣ್ಣಿನ ಎದುರು ಮಂಡಿಯೂರಿದ್ದಾಗ, ನಾಲ್ಕು ದಿನದಿಂದ ಅರ್ಧದಾರಿಯಲ್ಲಿ ನಿಂತಿದ್ದ ಪ್ರಾರ್ಥನೆ ತಾನಾಗಿ ಮುಂದೆ ಸರಿಯಿತು. ದೇವರೇ, ನಮ್ಮ ಭಾವ ನಿನ್ನ ಹತ್ತಿರ ಬಂದಿದ್ದಾರೆ. ಬಂದ ದಿನವೇ ನಿನ್ನ ಅಂಗಳದಲ್ಲಿ ಏನಾದರೂ ಕೀಳಲು ಶುರುಮಾಡಿದ್ದರೆ ತಡೆಯಬೇಡ. ಅವರು ಬೇರು ಬಿಡುವವರಲ್ಲ. ನಿನ್ನನ್ನೂ ಬಾಯಿ ತೆರೆ ಎಂದಾರು, ಕೋಪಿಸಿಕೊಳ್ಳಬೇಡ. ನನ್ನ ಕೈಯ ತಪ್ಪನ್ನು ಅವರು ನಗುತ್ತ ತೆಗೆದುಹಾಕಿದರು. ನೀನೂ ಅವರ ತಪ್ಪುಗಳನ್ನು ನೋವಾಗದ ಹಾಗೆ ತೆಗೆ. ದಣಿದು ಬಂದ ಕೈಗಳು ಅವು, ಮುಳ್ಳು ಗೀರಿದ ಕೈಗಳು. ಅವಕ್ಕೆ ನೆರಳು ಕೊಡು, ಅವರಿಗೆ ಶಾಂತಿ ಕೊಡು.